ಕೈ ಮೇಲೇಳದ ಮೇಲೆ

ಕ್ಯಾಮೆರಾ ಬಲಗೈಯವರಿಗೆಂದೇ ಮಾಡಿದ ಯಂತ್ರ. ಹಿಡಿದುಕೊಳ್ಳುವ ಉಬ್ಬು ಬಲಗಡೆ, ಒತ್ತುವ ಗುಂಡಿ ಬಲಗಡೆ, ತಿರುಗಿಸುವ ಚಕ್ರಗಳೂ ಹೆಚ್ಚಾಗಿ ಬಲಗಡೆಯೇ. ಎಡಗೈಗೆ ಉಳಿಯುವುದು ಕೆಳಗಿನಿಂದ ಲೆನ್ಸಿಗೆ ಆಸರೆ ಕೊಡುವ ಕೆಲಸ. ಹಿಂದೆ ಜರ್ಮನಿಯ ಡ್ರೆಸ್ಡೆನ್‌ನಲ್ಲಿ ತಯಾರಾಗುತ್ತಿದ್ದ ಎಕ್ಸಾಕ್ಟಾ ಎಂಬ ಕ್ಯಾಮೆರಾದಲ್ಲಿ ಗುಂಡಿ ಎಡಗಡೆಗೆ ಇತ್ತು. ಹಿಚ್‌ಕಾಕ್‌ ನಿರ್ದೇಶಿಸಿದ 1954ರ ‘ರಿಯರ್ ವಿಂಡೋ’ ಸಿನಿಮಾದಲ್ಲಿ ಕಾಲು ಮುರಿದುಕೊಂಡು ಗಾಲಿಕುರ್ಚಿಯಲ್ಲಿ ಕೂತ ಫೋಟೋಗ್ರಾಫರ್ ಕೈಯಲ್ಲಿ ಇರುವುದು ಅದೇ ಎಕ್ಸಾಕ್ಟಾ. ಈಗ ಅಂಗಡಿಗೆ ಹೋಗಿ ಎಡಗೈಯಲ್ಲಿ ಒತ್ತುವ ಕ್ಯಾಮೆರಾ ಕೊಡಿ ಎಂದರೆ ಅಂಗಡಿಯವರು ನಮ್ಮ ಮುಖ ನೋಡುತ್ತಾರೆ.

ಮದುವೆ ಫೋಟೋ ತೆಗೆದೇ ಮನೆ ನಡೆಸಿಕೊಂಡು ಬಂದವನು ನಾನು. ಇಷ್ಟು ಸಣ್ಣ ಸಂಗತಿ ನನಗೆ ಹೊಳೆದದ್ದು ಬಲಭುಜ ಹಿಡಿದುಕೊಂಡ ಮೇಲೆ.

ಡಾಕ್ಟರು ಅದನ್ನು ಫ್ರೋಜನ್ ಶೋಲ್ಡರ್ ಎಂದರು. ಭುಜದ ಕೀಲನ್ನು ಸುತ್ತುವರಿದ ಪೊರೆ ಊದಿಕೊಂಡು, ದಪ್ಪಗಾಗಿ, ಬಿಗಿದುಕೊಳ್ಳುತ್ತದೆ. ನಲವತ್ತು ದಾಟಿದವರಲ್ಲಿ ಹೆಚ್ಚು, ಅದರಲ್ಲೂ ಸಕ್ಕರೆ ಕಾಯಿಲೆ ಇದ್ದವರಲ್ಲಿ ಇನ್ನೂ ಹೆಚ್ಚು. ನನಗೆ ಸಕ್ಕರೆ ಇತ್ತು. ಮೊದಲು ನೋವು, ಆಮೇಲೆ ಬಿಗಿತ, ಕಡೆಗೆ ನಿಧಾನವಾಗಿ ಸಡಿಲ. ಇದೆಲ್ಲ ಮುಗಿಯಲು ಒಂದರಿಂದ ಮೂರು ವರ್ಷ ಹಿಡಿಯಬಹುದು, ಕೆಲವರಿಗೆ ಪೂರ್ತಿ ಬಿಡುವುದೂ ಇಲ್ಲ ಎಂದು ಹೇಳಿದರು. ನನ್ನದು ಆಗಲೇ ಬಿಗಿತಕ್ಕೆ ಬಂದಿತ್ತು. ಅಂಗಿಗೆ ಕೈ ತೂರಿಸಲು ಹೋದರೆ ತೋಳು ಅರ್ಧಕ್ಕೇ ನಿಂತುಬಿಡುತ್ತಿತ್ತು. ಹಿಂದಿನ ಜೇಬಿನಿಂದ ಪರ್ಸ್ ತೆಗೆಯಲು ಆಗುತ್ತಿರಲಿಲ್ಲ. ರಾತ್ರಿ ಆ ಮಗ್ಗುಲಿಗೆ ಹೊರಳಿದರೆ ಜೀವ ಹೋದಂತಾಗಿ ಎದ್ದು ಕೂರುತ್ತಿದ್ದೆ. ‘ಭಾರ ಎತ್ತಬೇಡಿ, ಕೈ ತಲೆ ಮೇಲೆ ಹೋಗೋ ಕೆಲಸ ಸದ್ಯಕ್ಕೆ ಬೇಡ’ ಎಂದು ಚೀಟಿ ಬರೆದು ಕಳಿಸಿದರು.

ನಮ್ಮ ಕಸುಬಿನಲ್ಲಿ ಇರುವುದು ಆ ಎರಡೇ. ಕ್ಯಾಮೆರಾ ಹೆಚ್ಚುಕಡಿಮೆ ಒಂದು ಕಿಲೋ, 70-200 ಲೆನ್ಸ್ ಒಂದೂವರೆ ಕಿಲೋ, ಮೇಲೆ ಫ್ಲಾಶ್ ನಾನೂರು ಗ್ರಾಂ. ಹಿಂದಿನ ಸಂಜೆಯ ಆರತಕ್ಷತೆಯಿಂದ ಮಾರನೆಯ ದಿನ ಹೆಣ್ಣು ಒಪ್ಪಿಸಿಕೊಡುವವರೆಗೆ ಈ ಮೂರು ಕಿಲೋ ಕೈಯಲ್ಲೇ ಇರಬೇಕು. ಸುಗ್ಗಿ ಮುಗಿದ ಮೇಲಿನ ಲಗ್ನಗಳ ಮೇಲೆ ನಮ್ಮ ವರ್ಷದ ಸಂಸಾರ ನಿಂತಿರುತ್ತದೆ. ಆಷಾಢಕ್ಕೆ ಕಾಲಿಟ್ಟರೆ ಕೈ ಕಟ್ಟಿ ಕೂರಬೇಕು. ಅಡ್ವಾನ್ಸ್ ತೆಗೆದುಕೊಂಡಿದ್ದೆ, ಖರ್ಚೂ ಮಾಡಿದ್ದೆ. ಫೋಟೋದವನ ಕೈ ಬಿದ್ದುಹೋಗಿದೆಯಂತೆ ಎಂಬ ಮಾತು ಮಂಡ್ಯದ ಕಡೆಯ ನಾಲ್ಕು ಛತ್ರಗಳಲ್ಲಿ ಹಬ್ಬಿದರೆ ಮುಂದಿನ ವರ್ಷ ಯಾರು ಕರೆಯುತ್ತಾರೆ? ಚೀಟಿ ಮಡಿಸಿ ಬೀರುವಿನಲ್ಲಿಟ್ಟೆ. ವಿಷಯ ಗೊತ್ತಿದ್ದದ್ದು ಹೆಂಡತಿಗೆ, ಲೈಟು ಹಿಡಿಯುವ ಹುಡುಗನಿಗೆ, ಇಬ್ಬರಿಗೇ.

ಮುಹೂರ್ತದ ಹೊತ್ತಿನಲ್ಲಿ ಮಂಟಪ ಹೇಗಿರುತ್ತದೆ ಎಂದು ನಮ್ಮ ಕಡೆಯ ಮದುವೆ ನೋಡಿದವರಿಗೆ ಹೇಳಬೇಕಿಲ್ಲ. ಅಂತರಪಟ ಸರಿಯುತ್ತದೆ, ಜೀರಿಗೆ ಬೆಲ್ಲ ತಲೆಗೆ ಬೀಳುತ್ತದೆ. ಅಲ್ಲಿಯವರೆಗೆ ಕುರ್ಚಿಯಲ್ಲಿ ಹರಟುತ್ತಿದ್ದವರೆಲ್ಲ ಅಕ್ಷತೆ ಹಿಡಿದು ಎದ್ದು ನಿಲ್ಲುತ್ತಾರೆ. ಪುರೋಹಿತರು ಕೈಯೆತ್ತಿ ‘ಗಟ್ಟಿಮೇಳ ಗಟ್ಟಿಮೇಳ’ ಎಂದೊಡನೆ ನಾದಸ್ವರ ಡೋಲು ಒಟ್ಟಿಗೆ ಏರುತ್ತವೆ, ನೆಂಟರು ಮಂಟಪಕ್ಕೆ ಮುಗಿಬೀಳುತ್ತಾರೆ, ಮೊಬೈಲುಗಳೆಲ್ಲ ತಲೆ ಮೇಲಕ್ಕೆ ಹೋಗುತ್ತವೆ. ಮೂರು ಗಂಟು ಬೀಳಲು ಎಷ್ಟು ಹೊತ್ತು? ಆ ಗದ್ದಲದಲ್ಲಿ ನಮಗೆ ಇದ್ದ ಒಂದೇ ಉಪಾಯವೆಂದರೆ ಎರಡೂ ಕೈ ಪೂರ್ತಿ ಮೇಲೆತ್ತಿ, ಕ್ಯಾಮೆರಾವನ್ನು ಎಲ್ಲರ ತಲೆಯ ಮೇಲಿಂದ ಕೆಳಕ್ಕೆ ಬಾಗಿಸಿ, ಕಣ್ಣಿಟ್ಟು ನೋಡದೆ ಅಂದಾಜಿನ ಮೇಲೆ ಹೊಡೆಯುವುದು. ಅದರಲ್ಲಿ ನನಗೆ ಹೆಸರಿತ್ತು. ಆ ಹೆಸರಿನ ಮೇಲೆ ನನಗೆ ಪ್ರೀತಿಯೂ ಇತ್ತು.

ಭುಜ ಹಿಡಿದುಕೊಂಡ ಮೇಲಿನ ಒಂದು ಮದುವೆಗೆ ಬೆಳಿಗ್ಗೆ ನೋವಿನ ಮಾತ್ರೆ ನುಂಗಿ ಹೋಗಿದ್ದೆ. ಗಟ್ಟಿಮೇಳವಾಯಿತು. ನನ್ನ ಮುಂದೆ ಹುಡುಗನ ಸೋದರಮಾವಂದಿರು ಗೋಡೆ ಕಟ್ಟಿದಂತೆ ನಿಂತರು. ಕೈ ಎತ್ತಿದೆ. ಎಡಗೈ ಹೋಯಿತು, ಬಲಗೈ ಎದೆಯ ಮಟ್ಟಕ್ಕೆ ಬಂದು ನಿಂತಿತು. ಒತ್ತಾಯದಿಂದ ಎತ್ತಿದರೆ ಕಣ್ಣು ಕತ್ತಲಿಟ್ಟಿತು. ಎಡಗೈಯೊಂದರಲ್ಲೇ ಮೂರು ಕಿಲೋ ಮೇಲೆತ್ತಿ, ಬಲಗಡೆಯ ಗುಂಡಿಗೆ ಎಡಗೈ ಬೆರಳು ಎಟುಕಿಸಲು ಹೋದೆ. ಫ್ಲಾಶ್ ಛಾವಣಿಗೆ ಹೊಡೆಯಿತು. ಎರಡು ಸಲ ಕ್ಲಿಕ್ ಸದ್ದು ಕೇಳಿಸಿತು. ಆಮೇಲೆ ನೋಡಿದರೆ ಒಂದರಲ್ಲಿ ಯಾರದೋ ಬಿಳಿ ಅಂಗಿಯ ತೋಳು, ಗಾಳಿಯಲ್ಲಿ ಅಕ್ಷತೆ ಕಾಳು, ಪುರೋಹಿತರ ಬೆನ್ನು. ಇನ್ನೊಂದರಲ್ಲಿ ಮಂಟಪದ ಮೇಲಿನ ಹೂವಿನ ಸರ. ತಾಳಿ ಇರಲಿಲ್ಲ, ಹುಡುಗಿಯ ಮುಖ ಇರಲಿಲ್ಲ. ಅಷ್ಟು ಹೊತ್ತಿಗೆ ಹುಡುಗ ಮೂರನೆಯ ಗಂಟು ಬಿಗಿದು ನೆಟ್ಟಗೆ ನಿಂತಿದ್ದ. ಹಾರ ಬದಲಾಯಿಸುವುದನ್ನು ಇನ್ನೊಮ್ಮೆ ಮಾಡಿ ಎಂದು ಕೇಳಬಹುದು, ಕೇಳುತ್ತೇವೆ. ಕಟ್ಟಿದ ತಾಳಿ ಬಿಚ್ಚಿ ಇನ್ನೊಮ್ಮೆ ಕಟ್ಟಿ ಎನ್ನಲು ಯಾವ ಬಾಯಿ ಬರುತ್ತದೆ?

ವಿಡಿಯೋದವರು ಪಕ್ಕದಿಂದ ಹಿಡಿದದ್ದರಲ್ಲಿ ಒಂದು ಮಸುಕು ಚಿತ್ರ ತೆಗೆದು ಆಲ್ಬಮ್ಮಿಗೆ ಹಾಕಿದೆ. ಆಲ್ಬಂ ಕೊಡಲು ಹೋದ ದಿನ ಹುಡುಗಿಯ ತಾಯಿ ನೆಲದ ಮೇಲೆ ಕೂತು ಒಂದೊಂದೇ ಹಾಳೆ ತಿರುವಿದರು. ಆ ಹಾಳೆ ಬಂತು. ಹಿಂದಕ್ಕೆ ತಿರುವಿದರು, ಮುಂದಕ್ಕೆ ತಿರುವಿದರು. ‘ಇದೊಂದೇನಾ?’ ಎಂದು ಕೇಳಿದರು. ಮೆಮೊರಿ ಕಾರ್ಡ್ ಕೆಟ್ಟುಹೋಯಿತು ಎಂದೆ. ಮಾತು ಎಷ್ಟು ಸಲೀಸಾಗಿ ಬಂತೆಂದರೆ ಅದನ್ನು ಹೇಳಬೇಕೆಂದು ಮನಸ್ಸು ಮೊದಲೇ ಸಿದ್ಧಮಾಡಿಕೊಂಡಿತ್ತೇನೋ. ಬಾಕಿ ಹಣ ಬೇಡ, ಅಡ್ವಾನ್ಸೂ ವಾಪಸ್ ಕೊಡುತ್ತೇನೆ ಎಂದೆ. ತಂದೆ ಗೋಡೆಗೊರಗಿ ಕೂತಿದ್ದವರು, ‘ದುಡ್ಡು ಏನ್ ಮಾಡ್ಲಿ ಸ್ವಾಮಿ, ನನ್ ಮಗಳು ತಾಳಿ ಕಟ್ಟಿಸ್ಕೊಂಡಿದ್ದು ನೋಡಣ ಅಂದ್ರೆ ಫೋಟೋನೇ ಇಲ್ವಲ್ಲ’ ಎಂದರು. ಬೈಯಲಿಲ್ಲ. ಕಾಫಿ ಕುಡಿಸಿ ಕಳಿಸಿದರು.

ಇದಾದ ಮೇಲೂ ಬುದ್ಧಿ ಬಂತು ಎನ್ನುವಂತಿಲ್ಲ. ಕಳೆದುಹೋದ ಆ ಮೇಲಿನ ಕೋನವನ್ನು ಹೇಗಾದರೂ ವಾಪಸ್ ಪಡೆಯಬೇಕೆಂಬ ಹಟ ಹಿಡಿಯಿತು. ಒಂಟಿಕಾಲಿನ ಸ್ಟ್ಯಾಂಡಿಗೆ ಕ್ಯಾಮೆರಾ ಸಿಕ್ಕಿಸಿ, ಅದನ್ನು ಬಾವುಟದ ಕೋಲಿನ ಹಾಗೆ ಎತ್ತಿ, ರಿಮೋಟಿನಿಂದ ಒತ್ತಿದೆ. ಎದೆಗೆ ಬೆಲ್ಟು ಕಟ್ಟಿ ಭಾರ ಸೊಂಟಕ್ಕೆ ಇಳಿಸಿಕೊಂಡೆ. ಸಾಲ ಮಾಡಿ ಹಗುರದ ಲೆನ್ಸ್ ತಂದೆ. ಬಂದ ಚಿತ್ರಗಳು ನನ್ನ ಹಳೆಯ ಚಿತ್ರಗಳ ನಕಲಿನಂತಿದ್ದವು, ಅದೂ ಅವಸರದಲ್ಲಿ ಮಾಡಿದ ನಕಲು. ಕೋಲಿನ ತುದಿಯ ಕ್ಯಾಮೆರಾ ಅಲ್ಲಾಡುತ್ತಿತ್ತು. ಸೋಲು ಭುಜದ್ದೆಂದು ನಾನು ಹೇಳಿಕೊಂಡು ತಿರುಗುತ್ತಿದ್ದೆ. ಭುಜಕ್ಕೆ ಆಗದ ಚಿತ್ರವನ್ನೇ ಭುಜದಿಂದ ಮಾಡಿಸಲು ಹೊರಟವನು ನಾನು. ಈಗ ನೋಡಿದರೆ ಮುಹೂರ್ತ ತಪ್ಪಿದ್ದಕ್ಕಿಂತ ಇದು ದೊಡ್ಡ ಸೋಲು. ಒಂದೊಂದಾಗಿ ಮದುವೆಗಳು ಕೈ ತಪ್ಪಿದವು. ಆ ವರ್ಷ ಮನೆಯಲ್ಲಿ ಒಲೆ ಉರಿದದ್ದು ಹೆಂಡತಿಯ ಹೊಲಿಗೆ ಯಂತ್ರದಿಂದ.

ಕೆಲಸವಿಲ್ಲದ ಕಾಲದಲ್ಲಿ ಭುಜಕ್ಕೆ ವ್ಯಾಯಾಮ ಮಾಡಿಸಿದರು. ಬಾಗಿಲ ಮೇಲೆ ರಾಟೆ ಕಟ್ಟಿ ಹಗ್ಗದಲ್ಲಿ ಒಂದು ಕೈಯಿಂದ ಇನ್ನೊಂದು ಕೈಯನ್ನು ಎಳೆಯುವುದು, ಗೋಡೆಗೆ ಎದುರು ನಿಂತು ಬೆರಳುಗಳನ್ನು ಇಷ್ಟಿಷ್ಟೇ ಮೇಲಕ್ಕೆ ಹತ್ತಿಸುವುದು. ಎಲ್ಲಿಯವರೆಗೆ ಹೋಯಿತೋ ಅಲ್ಲಿ ಪೆನ್ಸಿಲಿನಿಂದ ಗೆರೆ. ನಮ್ಮ ನಡುಮನೆಯ ಆ ಗೋಡೆ ಕಿಟಕಿಗೆ ಒತ್ತಿಕೊಂಡಿದೆ. ದಿನವೂ ಅದೇ ಹೊತ್ತಿಗೆ ಅದೇ ಗೋಡೆಗೆ ಮೂಗು ಹತ್ತಿಸಿ ನಿಂತಾಗ, ಸುಣ್ಣದ ಮೇಲೆ ಬೆಳಕು ಹೇಗೆ ಬರುತ್ತದೆ ಎಂದು ನೋಡದೆ ವಿಧಿಯಿಲ್ಲ. ಕಿಟಕಿಯ ಸರಳಿನ ನೆರಳು ಓರೆಯಾಗಿ ಬಿದ್ದು, ಕರಣೆಯ ಗೀರುಗಳು ಎದ್ದು ಕಾಣುತ್ತಿದ್ದವು. ಸೂರ್ಯ ಸ್ವಲ್ಪ ಮೇಲೆ ಬಂದರೆ ಗೋಡೆ ಬರೀ ಬಿಳಿ. ಇಷ್ಟು ಕಾಲ ಫ್ಲಾಶ್ ಹಿಡಿದು ತಿರುಗಿದವನಿಗೆ ಬೆಳಕು ಹೀಗೆ ತಾನಾಗಿ ಬಂದು ಹೋಗುತ್ತದೆಂಬುದೇ ಮರೆತುಹೋಗಿತ್ತು.

ಅಟ್ಟದ ಮೇಲೆ ನನಗೆ ಕೆಲಸ ಕಲಿಸಿದ ಯಜಮಾನರ ಯಾಶಿಕಾ ಇತ್ತು. ಎರಡು ಕಣ್ಣಿನ ಹಳೆಯ ಡಬ್ಬಿ ಕ್ಯಾಮೆರಾ, ಅವರು ತೀರಿಕೊಂಡಾಗ ಮನೆಯವರು ಕೊಟ್ಟದ್ದು. ಹೆಂಡತಿ ಇಳಿಸಿಕೊಟ್ಟಳು. ಅದನ್ನು ಕಣ್ಣಿಗೆ ಎತ್ತುವುದಿಲ್ಲ. ಕೊರಳಿಗೆ ಹಾಕಿಕೊಂಡು ಹೊಟ್ಟೆಯ ಮೇಲೆ ಇಳಿಬಿಟ್ಟು, ಮೇಲಿನ ಮುಚ್ಚಳ ತೆರೆದು ಒಳಕ್ಕೆ ಬಗ್ಗಿ ನೋಡುತ್ತಾರೆ. ಚೌಕದ ಗಾಜಿನ ಮೇಲೆ ಎದುರಿನ ಲೋಕ ಎಡಬಲ ಅದಲುಬದಲಾಗಿ ಮೂಡುತ್ತದೆ. ಒಂದು ಸುರುಳಿ ಫಿಲ್ಮಿಗೆ ಹನ್ನೆರಡೇ ಚಿತ್ರ. ಎರಡೂ ಮೊಣಕೈ ಪಕ್ಕೆಗೆ ಒತ್ತಿಕೊಂಡೇ ಇರುತ್ತವೆ. ನನ್ನ ಬಲಭುಜ ಮಿಸುಕಾಡಬೇಕಾದ ಅಗತ್ಯವೇ ಇರಲಿಲ್ಲ. ನೋವಿಲ್ಲದೆ ಒಂದು ಕ್ಯಾಮೆರಾ ಹಿಡಿದು ಎಷ್ಟೋ ಕಾಲವಾಗಿತ್ತು.

ಫಿಲ್ಮ್ ಹಾಕಲಿಲ್ಲ. ಬರಿದೇ ನೋಡುತ್ತಿದ್ದೆ. ಅಡುಗೆಮನೆಯ ಬಾಗಿಲಲ್ಲಿ ಸ್ಟೂಲ್ ಹಾಕಿಕೊಂಡು ಕೂತು, ಹೆಂಡತಿ ಹೊಲಿಗೆ ಯಂತ್ರದ ಮುಂದೆ ಬಗ್ಗಿರುವುದನ್ನು ಗಾಜಿನಲ್ಲಿ ನೋಡಿದೆ. ನಿಂತು ನೋಡಿದರೆ ಅವಳ ನಡುಬೈತಲೆ ಕಾಣುತ್ತಿತ್ತು. ಹೊಟ್ಟೆಯ ಮಟ್ಟದಿಂದ ನೋಡಿದಾಗ ಮುಖ ಕಂಡಿತು. ಸೂಜಿಯ ಕಡೆಗೆ ಬಾಗಿದ ಮುಖ, ತುಟಿಯಲ್ಲಿ ಕಚ್ಚಿದ ದಾರ, ಬಟ್ಟೆಯಿಂದ ಚಿಮ್ಮಿ ಗಲ್ಲಕ್ಕೆ ಬಿದ್ದ ಬೆಳಕು. ಕೆಲಸ ಮಾಡುವಾಗ ಮನುಷ್ಯರ ಮುಖ ಕೆಳಕ್ಕೆ ಇರುತ್ತದೆ. ಮದುವೆಯಲ್ಲಿ ಹೆಣ್ಣಿನ ಮುಖವೂ ಅಷ್ಟೇ. ಹಸೆಮಣೆಯ ಮೇಲೆ ಕೂತು, ತಲೆ ತಗ್ಗಿಸಿ, ಹಣೆಗೆ ಬಾಸಿಂಗ ಕಟ್ಟಿಕೊಂಡವಳನ್ನು ನಾವು ಮೇಲೆ ನಿಂತು, ಸಾಲದೆಂದು ಕೈ ಬೇರೆ ಎತ್ತಿ ಹೊಡೆಯುತ್ತೇವೆ. ಬಾಸಿಂಗ ಸಿಗುತ್ತದೆ, ಜಡೆಬಿಲ್ಲೆ ಸಿಗುತ್ತದೆ, ಕಣ್ಣು ಸಿಗುವುದಿಲ್ಲ. ಆದ್ದರಿಂದಲೇ ‘ಸ್ವಲ್ಪ ತಲೆ ಎತ್ತಮ್ಮಾ, ಇಲ್ಲಿ ನೋಡಮ್ಮಾ’ ಎಂದು ಕೂಗುತ್ತೇವೆ. ಅವಳು ತಲೆ ಎತ್ತುತ್ತಾಳೆ, ನಗುತ್ತಾಳೆ, ಆ ಗಳಿಗೆಯಲ್ಲಿ ಅವಳ ಮುಖದ ಮೇಲೆ ಇದ್ದದ್ದು ಹೊರಟುಹೋಗುತ್ತದೆ. ನನ್ನ ಆಲ್ಬಮ್ಮುಗಳನ್ನೆಲ್ಲ ತೆಗೆದು ನೋಡಿದೆ. ಹಾಳೆ ಹಾಳೆಯಲ್ಲೂ ಹೆಣ್ಣುಮಕ್ಕಳು ನನ್ನನ್ನು ನೋಡುತ್ತಿದ್ದರು. ತಮ್ಮ ಮದುವೆಯಲ್ಲಿ ಇದ್ದವರು ಬಹಳ ಕಡಿಮೆ.

ಅದೇ ಸುಮಾರಿಗೆ ಬೆಂಗಳೂರಿನ ಸ್ನೇಹಿತರೊಬ್ಬರು ಯೋಸೆಫ್ ಸುದೆಕ್ ಅವರ ಚಿತ್ರಗಳ ಪುಸ್ತಕ ತಂದುಕೊಟ್ಟರು. ‘ಒಂಟಿಗೈಯ ಫೋಟೋಗ್ರಾಫರ್, ನೋಡು’ ಎಂದಷ್ಟೇ ಹೇಳಿದರು. ನನಗೆ ಸಮಾಧಾನ ಹೇಳಲು ತಂದಿದ್ದಾರೆಂದು ಎರಡು ದಿನ ತೆರೆಯಲಿಲ್ಲ. ತೆರೆದ ಮೇಲೆ ಮುಚ್ಚಲಾಗಲಿಲ್ಲ.

ಸುದೆಕ್ ಹುಟ್ಟಿದ್ದು 1896ರಲ್ಲಿ, ಬೊಹೀಮಿಯಾದ ಕೊಲೀನ್ ಎಂಬ ಊರಿನಲ್ಲಿ. ಕಲಿತದ್ದು ಪುಸ್ತಕಕ್ಕೆ ರಟ್ಟು ಕಟ್ಟುವ ಕಸುಬು. ಮೊದಲ ಮಹಾಯುದ್ಧದಲ್ಲಿ ಇಟಲಿಯ ಗಡಿಯಲ್ಲಿ ಸಿಡಿಗುಂಡಿನ ಚೂರು ಬಲತೋಳಿಗೆ ಬಡಿಯಿತು, ಕಡೆಗೆ ಆ ಕೈಯನ್ನೇ ತೆಗೆಯಬೇಕಾಯಿತು. ಒಂದು ಕೈಯಲ್ಲಿ ರಟ್ಟು ಕಟ್ಟಲಾಗುವುದಿಲ್ಲ. ಪ್ರಾಗ್‌ನಲ್ಲಿ ಫೋಟೋಗ್ರಫಿ ಕಲಿತರು. 1926ರಲ್ಲಿ ವಾದ್ಯವೃಂದದ ಗೆಳೆಯರ ಜೊತೆ ಇಟಲಿಗೆ ಹೋದಾಗ, ಕಛೇರಿಯ ನಡುವೆಯೇ ಎದ್ದು ಹೊರಟು, ತಾವು ಗಾಯಗೊಂಡ ಜಾಗವನ್ನು ಹುಡುಕಿಕೊಂಡು ಹೋದರಂತೆ. ಜಾಗ ಸಿಕ್ಕಿತು, ಕೈ ಸಿಗಲಿಲ್ಲ ಎಂದು ಮುಂದೆ ಅವರೇ ಹೇಳಿಕೊಂಡಿದ್ದಾರೆ. ತಿಂಗಳುಗಳ ನಂತರ ಪ್ರಾಗ್‌ಗೆ ಮರಳಿದವರು ಆಮೇಲೆ ದೂರದ ಪ್ರಯಾಣದ ಗೋಜಿಗೆ ಹೋಗಲಿಲ್ಲ. ಇದನ್ನು ಓದಿದಾಗ ನನ್ನ ಕೋಲು, ಬೆಲ್ಟು, ರಿಮೋಟು ನೆನಪಾದವು. ನಾನೂ ಹೋದ ಕೈಯನ್ನೇ ಹುಡುಕುತ್ತಿದ್ದೆ.

ಅವರು ಮುಂದೆ ಮಾಡಿದ್ದನ್ನು ಕಸುಬಿನವನ ಕಣ್ಣಿನಿಂದ ನೋಡಿದರೆ ಬೆರಗಾಗುತ್ತದೆ. ಒಂಟಿಗೈಯವರು ಚಿಕ್ಕ ಕ್ಯಾಮೆರಾ ಹಿಡಿಯಬೇಕು ಎಂದು ನಮಗೆ ತೋರುತ್ತದೆ. ಅವರು ದೊಡ್ಡದನ್ನು ಹಿಡಿದರು. ಯೋಚಿಸಿ ನೋಡಿದರೆ ಅದೇ ಸರಿ. ಆ ಕಾಲದ ಚಿಕ್ಕ ಕ್ಯಾಮೆರಾಕ್ಕೆ ಎರಡು ಕೈ ಬೇಕು: ಒಂದು ಹಿಡಿಯಲು, ಒಂದು ಫೋಕಸ್ ತಿರುಗಿಸಲು. ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಕೂತ ದೊಡ್ಡ ಮರದ ಕ್ಯಾಮೆರಾ ತನ್ನ ಭಾರ ತಾನೇ ಹೊರುತ್ತದೆ. ಉಳಿದ ಕೆಲಸಕ್ಕೆ ಒಂದು ಕೈ ಸಾಕು, ಸಾಲದಿದ್ದಲ್ಲಿ ಹಲ್ಲು. ಅವಸರ ಮಾತ್ರ ಮಾಡುವಂತಿಲ್ಲ. 1940ರಲ್ಲಿ ಹಳೆಯ ಕಾಲದ ಒಂದು ಪ್ರಿಂಟ್ ಅವರ ಕಣ್ಣಿಗೆ ಬಿತ್ತು, ನೆಗೆಟಿವ್ ಅನ್ನು ಹಿಗ್ಗಿಸದೆ ನೇರ ಕಾಗದಕ್ಕೆ ಒತ್ತಿ ತೆಗೆದದ್ದು. ಅಲ್ಲಿಂದ ಹಿಗ್ಗಿಸುವುದನ್ನು ಬಿಟ್ಟರು. ಎಷ್ಟು ದೊಡ್ಡ ನೆಗೆಟಿವೋ ಅಷ್ಟೇ ದೊಡ್ಡ ಚಿತ್ರ.

ಆಗ ಪ್ರಾಗ್ ನಾಜಿಗಳ ಕೈಯಲ್ಲಿತ್ತು. ಹೊರಗೆ ಕ್ಯಾಮೆರಾ ಹೊತ್ತು ತಿರುಗುವುದು ಅಪಾಯ. ಸುದೆಕ್ ತಮ್ಮ ಹಿತ್ತಲಿನ ಸಣ್ಣ ಮರದ ಸ್ಟುಡಿಯೋದ ಕಿಟಕಿಯ ಚಿತ್ರವನ್ನೇ ತೆಗೆಯತೊಡಗಿದರು. 1940ರಿಂದ 1954ರವರೆಗೆ ಅದೇ ಕಿಟಕಿ. ಗಾಜಿನ ಮೇಲೆ ಬೆವರಿದ ಹನಿ, ಚಳಿಗಾಲದ ಮಂಜು, ಆಚೆ ತಿರುಚಿಕೊಂಡು ಬೆಳೆದ ಒಂದು ಮರ, ಈಚೆ ಹಲಗೆಯ ಮೇಲೆ ನೀರಿನ ಲೋಟ. ನನಗೆ ಅದರಲ್ಲಿ ಬಹಳ ಹಿಡಿಸಿದ್ದು ಒಂದು: ಗಾಜಿನ ಹನಿಗಳಿಗೆ ಫೋಕಸ್ ಕೊಟ್ಟು ಮರವನ್ನು ಮಸುಕಾಗಿ ಬಿಟ್ಟದ್ದು. ಮರ ನೋಡಬೇಕೆಂದರೆ ಅವರು ಹೊರಕ್ಕೆ ಎದ್ದು ಹೋಗಬಹುದಿತ್ತು. ನಡುವೆ ಗಾಜು ಇದೆ ಎಂಬುದನ್ನೇ ಅವರು ಚಿತ್ರ ಮಾಡಿದರು. ಯುದ್ಧ ಮುಗಿದ ಮೇಲೆ ಅದೇ ಕೈಯಲ್ಲಿ ಹಳೆಯ ಕೊಡಾಕ್ ಪನೋರಮಾ ಕ್ಯಾಮೆರಾ ಹೊತ್ತು ಊರೆಲ್ಲ ಸುತ್ತಿದರು. ಪ್ರಾಗ್ ನಗರದ 284 ಉದ್ದನೆಯ ಚಿತ್ರಗಳ ಪುಸ್ತಕ 1959ರಲ್ಲಿ ಬಂತು.

ಇಲ್ಲಿ ಒಂದು ಮಾತು ಹೇಳಲೇಬೇಕು. ಅಂಗವಿಕಲತೆ ಒಂದು ವರ, ನೋವು ಕಲೆಯ ತಾಯಿ ಎಂಬಂಥ ಮಾತುಗಳನ್ನು ನಾನು ನಂಬುವುದಿಲ್ಲ, ಕೇಳಿದರೆ ಸಿಟ್ಟು ಬರುತ್ತದೆ. ನೋವು ನೋವೇ. ಸುದೆಕ್ ಅವರಿಗೆ ಸರ್ಕಾರ ಯುದ್ಧದಲ್ಲಿ ಅಂಗ ಕಳೆದುಕೊಂಡವರ ಪಿಂಚಣಿ ಕೊಡುತ್ತಿತ್ತು. ನಿಧಾನವಾಗಿ ಕಲಿಯಲು, ನಿಧಾನವಾಗಿ ನೋಡಲು ಅದು ಆಸರೆಯಾಯಿತು. ನನಗೆ ಹೆಂಡತಿಯ ಹೊಲಿಗೆ ಇತ್ತು. ಎರಡೂ ಇಲ್ಲದೆ, ಕೈ ಬಿದ್ದ ಮರುತಿಂಗಳೇ ಕ್ಯಾಮೆರಾ ಮಾರಿ ಬೇರೆ ಕೆಲಸಕ್ಕೆ ಹೋದ ಫೋಟೋಗ್ರಾಫರುಗಳು ನನಗೆ ಗೊತ್ತು. ಅವರಲ್ಲಿ ನನಗಿಂತ ಒಳ್ಳೆಯ ಕಣ್ಣಿನವರಿದ್ದರು.

ಅಮೆರಿಕದ ಫೋಟೋಗ್ರಾಫರ್ ಡೊರೊಥಿಯಾ ಲ್ಯಾಂಗ್ ಅವರದೂ ಇಂಥದ್ದೇ ಒಂದು ಬದುಕು. ಏಳನೆಯ ವಯಸ್ಸಿನಲ್ಲಿ ಪೋಲಿಯೋ ಬಂದು ಬಲಗಾಲು ಕುಂಟಾಯಿತು. 1936ರಲ್ಲಿ ಕ್ಯಾಲಿಫೋರ್ನಿಯಾದ ನಿಪೋಮೋದಲ್ಲಿ, ಹಸಿದ ಮಕ್ಕಳನ್ನು ತಬ್ಬಿ ಕೂತ ವಲಸೆ ತಾಯಿಯ ಚಿತ್ರ ತೆಗೆದವರು ಅವರೇ. ಆ ಕುಂಟುಕಾಲು ತನ್ನನ್ನು ರೂಪಿಸಿತು, ಅವಮಾನವನ್ನೂ ಮಾಡಿತು, ಎರಡೂ ಹೌದು ಎಂದು ಆಕೆ ಹೇಳಿಕೊಂಡಿದ್ದಾರೆ. ಅದನ್ನು ತಾನು ಒಪ್ಪಿಕೊಂಡದ್ದು ಅಪರಿಚಿತರ ನಡುವೆ ಬಾಗಿಲು ತೆರೆಸಿತು ಎಂದೂ ಹೇಳಿದ್ದಾರೆ. ಈ ಎರಡನೆಯ ಮಾತು ನನ್ನನ್ನು ಬಹಳ ಕಾಡಿತು. ನಾನು ಮುಚ್ಚಿಟ್ಟಿದ್ದೆ. ಮುಚ್ಚಿಟ್ಟದ್ದಕ್ಕೇ ಸುಳ್ಳು ಹೇಳಬೇಕಾಗಿ ಬಂದಿತ್ತು.

ಆ ಮನೆಗೆ ಮತ್ತೆ ಹೋದೆ. ಮಗಳು ಬಾಣಂತನಕ್ಕೆ ಬಂದಿದ್ದಳು, ಹಿಂದಿನ ಕೋಣೆಯಿಂದ ಬಜೆ, ಸಾಂಬ್ರಾಣಿ ಹೊಗೆಯ ವಾಸನೆ ಬರುತ್ತಿತ್ತು. ತಂದೆಯವರ ಎದುರು ಕೂತು, ಕಾರ್ಡ್ ಕೆಟ್ಟಿರಲಿಲ್ಲ, ನನ್ನ ಕೈ ಮೇಲೇಳಲಿಲ್ಲ, ಗೊತ್ತಿದ್ದೂ ಬಂದಿದ್ದೆ ಎಂದು ಹೇಳಿದೆ. ಬೈಸಿಕೊಳ್ಳಲು ಸಿದ್ಧವಾಗಿಯೇ ಹೋಗಿದ್ದೆ. ಅವರು ನನ್ನ ಭುಜವನ್ನೇ ಸ್ವಲ್ಪ ಹೊತ್ತು ನೋಡಿದರು. ‘ಮೊದ್ಲೇ ಒಂದ್ ಮಾತು ಹೇಳ್ಬಾರ್ದಿತ್ತಾ ಸ್ವಾಮಿ? ಮಂಟಪದ ಒಳಗೇ ಒಂದ್ ಕುರ್ಚಿ ಹಾಕಿಸ್ಕೊಡ್ತಿದ್ವಲ್ಲ. ಅಜ್ಜಿದೀರ್‌ಗೆ ಹಾಕಿಸಿರ್ಲಿಲ್ವಾ?’ ಎಂದರು.

ಮಂಟಪದ ಒಳಗೆ ಕುರ್ಚಿ. ಇಷ್ಟು ವರ್ಷ ಎಷ್ಟು ಮಂಟಪ ಸುತ್ತಿದ್ದರೂ ನನಗೆ ಇದು ತೋಚಿರಲಿಲ್ಲ. ಹೌದು, ಗಟ್ಟಿಮೇಳದ ಹೊತ್ತಿಗೆ ಎಲ್ಲರೂ ಎದ್ದು ನುಗ್ಗಿದರೂ ಮಂಟಪದ ಅಂಚಿನಲ್ಲಿ ಮಂಡಿನೋವಿನ ಅಜ್ಜಿಯೊಬ್ಬರು ಕೂತೇ ಇರುತ್ತಾರೆ. ಅವರ ಮುಂದೆ ಯಾರೂ ನಿಲ್ಲುವುದಿಲ್ಲ. ನಿಂತರೆ ಯಾರಾದರೂ ಗದರಿ ಸರಿಸುತ್ತಾರೆ. ಅವರಿಗೆ ತಾಳಿ ಕಟ್ಟುವುದು ಅಡ್ಡವಿಲ್ಲದೆ ಕಾಣುತ್ತದೆ.

ಈಗ ನಾನು ಮದುವೆ ಒಪ್ಪಿಕೊಳ್ಳುವಾಗಲೇ ಹೇಳುತ್ತೇನೆ: ಬಲಗೈ ಮೇಲಕ್ಕೆ ಹೋಗುವುದಿಲ್ಲ, ಮೇಲಿನ ಕೋನದ ಚಿತ್ರ ಬೇಕಾದರೆ ಜೊತೆಗೆ ಬರುವ ಹುಡುಗ ತೆಗೆಯುತ್ತಾನೆ, ನನಗೆ ಮಂಟಪದ ಒಳಗೆ, ಅಜ್ಜಿಯರ ಪಕ್ಕದಲ್ಲಿ ಒಂದು ಮಣೆ ಹಾಕಿಸಿಕೊಡಿ. ಕೆಲವರು ಬೇರೆಯವರನ್ನು ನೋಡಿಕೊಳ್ಳುತ್ತಾರೆ. ಉಳಿದವರು ಮಣೆ ಹಾಕಿಸುತ್ತಾರೆ. ಪುರೋಹಿತರಿಗೂ ಮೊದಲೇ ಹೇಳಿರುತ್ತೇನೆ. ಹೊಗೆಯ ಕಡೆಗೆ ಕೂರಬೇಡಿ ಎಂದು ಅವರೇ ಜಾಗ ತೋರಿಸುತ್ತಾರೆ.

ಕ್ಯಾಮೆರಾ ಚಿಕ್ಕದು, ಹಿಂದಿನ ಪರದೆ ಮೇಲಕ್ಕೆ ಮಡಚಿಕೊಳ್ಳುವಂಥದ್ದು. ಲೆನ್ಸ್ 50 ಮಿಲಿಮೀಟರಿನದು, ನೂರರವತ್ತು ಗ್ರಾಂ ತೂಕ. ಎರಡೂ ಮೊಣಕೈ ಪಕ್ಕೆಗೆ ಒತ್ತಿ, ಹೊಟ್ಟೆಯ ಮೇಲೆ ಕ್ಯಾಮೆರಾ ಇಟ್ಟು, ಯಜಮಾನರ ಯಾಶಿಕಾದಲ್ಲಿ ನೋಡಿದಂತೆಯೇ ಬಗ್ಗಿ ನೋಡುತ್ತೇನೆ. ಉದ್ದ ಲೆನ್ಸಿನಲ್ಲಿ ಸಣ್ಣ ನಡುಕವೂ ದೊಡ್ಡದಾಗಿ ಕಾಣುತ್ತದೆ: 200 ಮಿಲಿಮೀಟರಿಗೆ ಸೆಕೆಂಡಿನ ಇನ್ನೂರನೆಯ ಒಂದು ಭಾಗದಷ್ಟಾದರೂ ವೇಗ ಬೇಕು ಎಂಬುದು ನಮ್ಮ ಕಸುಬಿನ ಹಳೆಯ ಲೆಕ್ಕ. 50ಕ್ಕೆ ಐವತ್ತನೆಯ ಒಂದು ಭಾಗ ಸಾಕು. ಪಕ್ಕೆಯ ಆಸರೆ ಇದ್ದರೆ ಇನ್ನೂ ಕಡಿಮೆಯಲ್ಲೂ ನಿಲ್ಲುತ್ತದೆ. ಹೀಗಾಗಿ ಎಷ್ಟೋ ಕಡೆ ಫ್ಲಾಶ್ ಬಿಟ್ಟೆ. ಮಂಟಪದ ದೀಪ, ಹೋಮದ ಬೆಂಕಿ, ಛತ್ರದ ಎತ್ತರದ ಕಿಟಕಿ, ಇವೇ ಬೆಳಕು. ದೂರದಿಂದ ಎಳೆದು ತೆಗೆಯಲು ಆಗುವುದಿಲ್ಲವಾದ್ದರಿಂದ ಮುಖ ಬೇಕಾದರೆ ಹತ್ತಿರ ಹೋಗಿ ಕೂರಲೇಬೇಕು. ಹತ್ತಿರ ಕೂತವನ ಜೊತೆ ಜನ ಮಾತಾಡುತ್ತಾರೆ. ಸ್ವಲ್ಪ ಹೊತ್ತಿಗೆ ಅವನು ಕೂತಿರುವುದನ್ನೇ ಮರೆಯುತ್ತಾರೆ.

ಈಚೆಗೆ ಮಳವಳ್ಳಿಯ ಕಡೆಯ ಒಂದು ಮದುವೆಯಲ್ಲಿ ತೆಗೆದ ಚಿತ್ರವೊಂದಿದೆ. ಗಟ್ಟಿಮೇಳವಾಗಿ ನೆಂಟರೆಲ್ಲ ಮುಂದಕ್ಕೆ ಬಂದಿದ್ದಾರೆ. ನನ್ನ ಮಣೆಯಿಂದ ನೋಡಿದರೆ ಮೇಲೆಲ್ಲ ಮೊಬೈಲು ಹಿಡಿದ ಕೈಗಳ ಚಪ್ಪರ, ಅದರ ಕೆಳಗೆ ಸ್ವಲ್ಪ ಬೆಳಕಿನ ಜಾಗ. ಅಲ್ಲಿ ಹುಡುಗನ ಬಗ್ಗಿದ ಕೈ, ಅರಿಶಿನ ದಾರ, ಹುಡುಗಿಯ ಕೆಳಗಿಳಿದ ರೆಪ್ಪೆ. ಇಷ್ಟಿದ್ದರೆ ಅದು ಒಳ್ಳೆಯ ಮುಹೂರ್ತದ ಚಿತ್ರ, ಅಷ್ಟೇ. ಹುಡುಗಿಯ ಮೊಣಕೈಯ ಸಂದಿನಲ್ಲಿ ಕಳಸಗಿತ್ತಿಯ ಮುಖ ಸಿಕ್ಕಿದೆ. ಹತ್ತು ಹನ್ನೆರಡರ ತಂಗಿ. ಎಲ್ಲರ ಕಣ್ಣೂ ತಾಳಿಯ ಮೇಲಿದ್ದರೆ ಅವಳು ಅಕ್ಕನ ಮುಖವನ್ನೇ ನೋಡುತ್ತಿದ್ದಾಳೆ. ಹಿಡಿದ ಕಳಸ ಓರೆಯಾಗಿ ತೆಂಗಿನಕಾಯಿ ಇನ್ನೇನು ಜಾರಬೇಕು, ಅವಳಿಗೆ ಪರಿವೆಯಿಲ್ಲ. ಕೈ ಎತ್ತಿ ಹೊಡೆಯುತ್ತಿದ್ದ ಕಾಲದಲ್ಲಿ ಈ ಹುಡುಗಿ ನನಗೆ ಎಂದೂ ಕಂಡಿರಲಿಲ್ಲ. ನಾನು ತೆಗೆದ ಅಷ್ಟೂ ಮದುವೆಗಳಲ್ಲಿ ಅವಳು ಅಲ್ಲೇ ನಿಂತಿದ್ದಿರಬೇಕು.

ನನ್ನ ಭುಜ ಈಗ ಮುಕ್ಕಾಲುಪಾಲು ಸಡಿಲವಾಗಿದೆ. ಗೋಡೆಯ ಮೇಲಿನ ಪೆನ್ಸಿಲ್ ಗೆರೆಗಳು ತಲೆಯ ಮಟ್ಟ ದಾಟಿವೆ. ಹಟ ಹಿಡಿದರೆ ಒಂದೆರಡು ಗಳಿಗೆ ಕ್ಯಾಮೆರಾ ಮೇಲೆತ್ತಬಹುದು. ಎತ್ತುವುದಿಲ್ಲ. ಕುಣಿತವಿದ್ದ ಮೆರವಣಿಗೆ, ದೊಡ್ಡ ಸಭಾಂಗಣದ ಪೂರ್ತಿ ನೋಟ, ಇವು ನನ್ನ ಕೈಗೆ ಹತ್ತುವುದಿಲ್ಲ, ಅದರ ಬಗ್ಗೆ ಸುಳ್ಳು ಹೇಳುವುದಿಲ್ಲ. ಹುಡುಗ ತೆಗೆಯುತ್ತಾನೆ, ಚೆನ್ನಾಗಿಯೇ ತೆಗೆಯುತ್ತಾನೆ. ಸಂಪಾದನೆ ಮೊದಲಿಗಿಂತ ಕಡಿಮೆ.

ಸ್ಟುಡಿಯೋ ನಡೆಸುವ ನನ್ನ ಕಸುಬಿನವರಲ್ಲಿ ಒಂದು ಕೇಳಿಕೆ ಇದೆ. ಕೈಯೋ ಕಾಲೋ ಬೆನ್ನೋ ಸರಿಯಿಲ್ಲದ ಹುಡುಗನೋ ಹುಡುಗಿಯೋ ನಿಮ್ಮ ಬಾಗಿಲಿಗೆ ಕೆಲಸ ಕೇಳಿಕೊಂಡು ಬಂದರೆ, ‘ಮದುವೆ ಕೆಲಸ ನಿಮಗೆ ಆಗಲ್ಲಪ್ಪ’ ಎಂದು ಹಾಗೇ ಕಳಿಸಬೇಡಿ, ಎಡಿಟಿಂಗ್ ಮಾಡು ಎಂದು ಮೂಲೆಯ ಕಂಪ್ಯೂಟರ್ ಮುಂದೆ ಕೂರಿಸಲೂಬೇಡಿ. ಒಂದು ಹಗುರದ ಕ್ಯಾಮೆರಾ ಕೊಟ್ಟು, ಮಂಟಪದ ಒಳಗೆ ಅವರಿಗೆ ಎಲ್ಲಿ ಕೂರಲು ಆಗುತ್ತದೋ ಅಲ್ಲಿ ಜಾಗ ಮಾಡಿಕೊಡಿ. ಮದುವೆ ಮನೆಯವರನ್ನು ಕೇಳಿ, ಇಲ್ಲ ಎನ್ನುವವರು ಕಡಿಮೆ. ನಿಮ್ಮಿಂದ ಆಗದಿದ್ದರೆ ನನ್ನ ಬಳಿಗೆ ಕಳಿಸಿ, ನಾನು ಜೊತೆಯಲ್ಲಿ ಕರೆದುಕೊಂಡು ಹೋಗುತ್ತೇನೆ.